ಕರಿಯಾಕ ಯಾರು ಹೋಗಿದ್ರಿ?

ನಾನು ಮಂದಿಯ ಲಗ್ನಪತ್ರಿಕೆ ಬರೆಯುವವನು. ಬರೆಯುವವನು ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಕೂಡಿಸುವವನು. ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ, ಬಳೆ ಅಂಗಡಿಯೊಂದರ ಮ್ಯಾಲಿನ ಮಾಳಿಗೆಯಲ್ಲಿ ನಮ್ಮ ಪ್ರೆಸ್ಸು. ವರನ ಹೆಸರು ಒಂದು ಕಡೆ, ವಧುವಿನ ಹೆಸರು ಒಂದು ಕಡೆ, ಕೆಳಗೆ ಕಾಕಾ-ಮಾಮಾಗಳ ಉದ್ದನೆಯ ಸಾಲು. ಅದರಲ್ಲಿ ಒಂದು ಹೆಸರು ಬಿಟ್ಟರೂ ಲಗ್ನ ಮುರಿಯುವಷ್ಟು ಸಿಟ್ಟು. ಹನ್ನೊಂದು ವರ್ಷದಿಂದ ಇದೇ ಕೆಲಸ. ನಮ್ಮ ಮಾಲೀಕರು ಪತ್ರಿಕೆಯ ಕಟ್ಟನ್ನು ಗಿರಾಕಿಯ ಕೈಗಿಡುವಾಗ ತಪ್ಪದೆ ಒಂದು ಮಾತು ಹೇಳುತ್ತಾರೆ: "ಪತ್ರಿಕಿ ಮುಟ್ಟಿಸಿದ್ರ ಕರದಂಗ ಅಲ್ರಿ. ಮನಿಗೆ ಹೋಗಿ ಬಾಯಿಲೆ ಕರೀಬೇಕು." ಆ ಮಾತನ್ನು ನಾನು ಸಾವಿರ ಸಲ ಕೇಳಿರಬೇಕು. ಕೇಳಿಯೂ ದಡ್ಡನಾಗಿ ಉಳಿಯುವುದು ಒಂದು ವಿದ್ಯೆ, ಅದು ನನಗೆ ಸಿದ್ಧಿಸಿತ್ತು.

ಕಳೆದ ವರ್ಷ ನನ್ನ ಹೆಂಡತಿ ಮತ್ತು ಐದು ತಿಂಗಳ ಮಗಳು ನನ್ನ ಕೈತಪ್ಪಿ ಹೋಗುವುದರಲ್ಲಿದ್ದರು. ಕೈಬಿಡುತ್ತಿದ್ದವನು ನಾನೇ. ಫೋನಿನೊಳಗಿನ ಒಂದು ಗುಂಪಿನ ಮಾತು ಕೇಳಿ, ಅಷ್ಟೂ ದಿನ ನಾನು ಬಹಳ ಶಾಣ್ಯಾತನದ ಕೆಲಸ ಮಾಡುತ್ತಿದ್ದೇನೆ ಅಂದುಕೊಂಡೇ ಇದ್ದೆ.

ಅವ್ವ ತೀರಿಕೊಂಡು ಆಗ ಎಂಟು ವರ್ಷ. ಧಾರವಾಡದ ಬಾಡಿಗೆ ಮನೆಯಲ್ಲಿ ಅಪ್ಪ, ನಾನು, ಆಮೇಲೆ ಬಂದ ನನ್ನ ಹೆಂಡತಿ. ಅಪ್ಪ ಕನ್ನಡ ಸಾಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಮೂವತ್ತು ವರ್ಷ ಮಾತಾಡಿ ಮಾತಾಡಿ ಸಾಕಾಗಿ ಈಗ ಉಳಿದದ್ದನ್ನು ಕೂಡಿಟ್ಟಿದ್ದಾರೆ. ಹೆಂಡತಿಯ ತವರು ಗರಗ. ಬಸಿರಿಯಾಗಿ ಏಳನೇ ತಿಂಗಳಿಗೆ ಆಕೆಯ ಅವ್ವ, ಅತ್ತಿಗೆ, ಇನ್ನಿಬ್ಬರು ಹೆಂಗಸರು ಬಂದರು. ಹಸಿರು ಸೀರೆ ಉಡಿಸಿ ಕುಬಸ ಮಾಡಿ, ಉಡಿ ತುಂಬಿ, ಜೋಪಾನವಾಗಿ ಕರೆದುಕೊಂಡು ಹೋದರು. ಹೆಣ್ಣು ಕೂಸು ಹುಟ್ಟಿತು. ಹೆಸರಿಡುವ ದಿನ ನಾನೂ ಅಪ್ಪನೂ ಹೋಗಿ ಉಂಡು ಬಂದೆವು.

ಆಮೇಲೆ ಲಗ್ನದ ಹಂಗಾಮು ಶುರುವಾಯಿತು. ರವಿವಾರ ಬರುತ್ತೇನೆ ಅಂತ ಹೇಳಿ ಎರಡು ಸಲ ಹೋಗಲಿಲ್ಲ. ಕೂಸಿಗೆ ನಾಲ್ಕು ತಿಂಗಳು ನಡೆದಾಗ, ಮೂರನೇ ರವಿವಾರವೂ ತಪ್ಪಿತು. ಆವತ್ತು ಆಕೆ ಫೋನಿನಲ್ಲಿ, "ನಿಮಗ ಮಂದಿ ಲಗ್ನಾನ ಹೆಚ್ಚಾಗೇತಿ. ಮಗಳು ನಿಮ್ಮ ಮಾರೀನ ಮರತಾಳು," ಅಂದಳು. ಮಷೀನು ಓಡುತ್ತಿತ್ತು, ಗಿರಾಕಿ ತಲೆಯ ಮೇಲೆ ನಿಂತಿದ್ದ, ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

"ಹಂಗಾದ್ರ ಅಲ್ಲೇ ಇರು," ಅಂದೆ.

ಆಕೆ ಫೋನು ಇಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎರಡು ದಿನ ನಾನು ಮಾಡಲಿಲ್ಲ, ಆಕೆಯೂ ಮಾಡಲಿಲ್ಲ. ಮೂರನೇ ದಿನ ಮಾಡಬೇಕು ಅನ್ನಿಸಿದಾಗ ಏನು ಮಾತಾಡಬೇಕೆಂದೇ ತಿಳಿಯಲಿಲ್ಲ. ಅವ್ವ ಇದ್ದಿದ್ದರೆ ಒಂದು ಮಾತು ಕೇಳುತ್ತಿದ್ದೆ. ಅಪ್ಪನನ್ನು ಕೇಳುವುದೂ ಗ್ವಾಡಿಯನ್ನು ಕೇಳುವುದೂ ಒಂದೇ. ಹೀಗೆ ನಾನು ಆ ಗುಂಪಿಗೆ ಸೇರಿದೆ.

ಗಂಡ-ಹೆಂಡತಿ, ಪ್ರೀತಿ ಮಾಡಿದವರು, ಮಾಡಿ ಕೆಟ್ಟವರು, ಎಲ್ಲರೂ ಬಂದು ತಮ್ಮ ಕಷ್ಟ ಬರೆದು ಸಲಹೆ ಕೇಳುವ ಗುಂಪು ಅದು. ಹೆಸರು ಹಾಕುವ ಹಾಗಿಲ್ಲ, ಊರು ಹಾಕುವ ಹಾಗಿಲ್ಲ. ಒಂದು ವಿಚಿತ್ರ ನಿಯಮವಿತ್ತು: ಗಂಡಸಿನ ಪ್ರಶ್ನೆಗೆ ಮೊದಲು ಹೆಂಗಸರು ಉತ್ತರಿಸಬೇಕು, ಹೆಂಗಸಿನ ಪ್ರಶ್ನೆಗೆ ಮೊದಲು ಗಂಡಸರು. ಅದು ನನಗೆ ಬಹಳ ನ್ಯಾಯವಾಗಿ ಕಂಡಿತು. ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸಿನಲ್ಲಿ ಕೂತು ದಿನಾ ಓದುತ್ತಿದ್ದೆ. ಎಲ್ಲಾರ ಮನಿ ದ್ವಾಸಿನೂ ತೂತ ಅನ್ನುವುದು ಅಲ್ಲಿ ಕಣ್ಣಾರೆ ಕಂಡು, ಸುಳ್ಳು ಯಾಕೆ ಹೇಳಲಿ, ಒಂದಿಷ್ಟು ಸಮಾಧಾನವೂ ಆಯಿತು.

ಕೂಸಿಗೆ ಐದನೇ ತಿಂಗಳು ಬಿದ್ದ ವಾರ ನಾನೂ ಬರೆದೆ. "ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಾಳೆ. ಸಣ್ಣ ಮಾತಿಗೆ ಮನಸ್ತಾಪವಾಗಿದೆ. ಎರಡು ವಾರದಿಂದ ಮಾತಿಲ್ಲ. ಅವಳನ್ನು ಮರಳಿ ಪಡೆಯಲು ನಾನೇನು ಮಾಡಬೇಕು?" ಅಂತ. "ಅಲ್ಲೇ ಇರು" ಅಂದದ್ದನ್ನು ಬರೆಯಲಿಲ್ಲ. ಪತ್ರಿಕೆಯಲ್ಲಿ ಜಾಗ ಸಾಲದಿದ್ದರೆ ಯಾವ ಸಾಲು ತೆಗೆಯಬೇಕೆಂದು ನನಗೆ ಚೆನ್ನಾಗಿ ಗೊತ್ತು. ಅದೇ ಕೈಚಳಕವನ್ನು ಇಲ್ಲಿಯೂ ತೋರಿಸಿದೆ.

ಉತ್ತರಗಳು ಮಳೆ ಹುಳದಂತೆ ಮುತ್ತಿದವು. ಎಲ್ಲಕ್ಕೂ ಮ್ಯಾಲೆ ಒಬ್ಬ ಹೆಂಗಸಿನ ಉತ್ತರ. ಆಕೆ ತನ್ನ ಮುಖದ ಜಾಗದಲ್ಲಿ ಸೂರ್ಯಕಾಂತಿ ಹೂವಿನ ಚಿತ್ರ ಹಾಕಿದ್ದಳು, ಗುಂಪಿನಲ್ಲಿ ಆಕೆಯ ಮಾತಿಗೆ ಬಹಳ ತೂಕ. "ಅವರಿಗೆ ಸಮಯ ಕೊಡಿ. ಉಸಿರಾಡಲು ಬಿಡಿ. ಬಾಣಂತನ ಅಂದರೆ ಸಾಮಾನ್ಯ ಅಲ್ಲ. ಮೂವತ್ತು ದಿನ ಫೋನು, ಮೆಸೇಜು ಏನೂ ಬೇಡ. ಅವರಾಗಿಯೇ ಬರುತ್ತಾರೆ," ಅಂತ ಬರೆದಿದ್ದಳು. ಅದರ ಕೆಳಗೆ ಗಂಡಸರು: "ನೀವೇ ಕಾಲ್ ಮಾಡಿದ್ರೆ ನಿಮ್ಮ ಬೆಲೆ ಹೋಗುತ್ತೆ ಬ್ರೋ." ಹೆಂಗಸರು ಮೃದುವಾಗಿ ಹೇಳಿದ್ದನ್ನೇ ಗಂಡಸರು ಒರಟಾಗಿ ಹೇಳಿದರು. ಎರಡೂ ಕಡೆಯವರು ಒಂದೇ ಮಾತು ಹೇಳಿದರೆ ಅದು ಖರೇ ಇರಲೇಬೇಕಲ್ಲ.

ನಾನು ಮೂವತ್ತು ದಿನ ಸುಮ್ಮನಿದ್ದೆ.

ಸುಮ್ಮನಿರುವುದು ಎಷ್ಟು ದುಡಿಮೆಯ ಕೆಲಸ ಅನ್ನುವುದು ಮಾಡಿದವರಿಗೇ ಗೊತ್ತು. ಆಕೆ ತನ್ನ ಸ್ಟೇಟಸ್ಸಿನಲ್ಲಿ ಕೂಸಿನ ಫೋಟೋ ಹಾಕುತ್ತಿದ್ದಳು. ಕುಂಚಿಗೆ ಹಾಕಿಕೊಂಡ ಕೂಸು, ಮಗ್ಗಲಾದ ಕೂಸು, ಎರಡು ಕೈಯಿಂದಲೂ ತನ್ನ ಕಾಲು ಹಿಡಿದುಕೊಂಡ ಕೂಸು. ನೋಡಿದರೆ ನೋಡಿದ್ದು ಆಕೆಗೆ ಗೊತ್ತಾಗುತ್ತದೆ, ಮೌನ ಮುರಿದಂತೆ ಅಂತ ಗುಂಪಿನವರು ಎಚ್ಚರಿಸಿದ್ದರು. ಅದಕ್ಕೆ ನಾನು ಅಪ್ಪನ ಫೋನಿನಲ್ಲಿ ನೋಡುತ್ತಿದ್ದೆ. ನನ್ನ ಸ್ವಂತ ಮಗಳು ಮಗ್ಗಲಾದದ್ದನ್ನು ಅಪ್ಪನ ಫೋನಿನಲ್ಲಿ ಕದ್ದು ನೋಡಿ, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಮೂವತ್ತಾರು ವರ್ಷದ ಗಂಡಸು. ಅಪ್ಪ ಹೊರಗಿನಿಂದ, "ನೀರು ಹಾಳಾಗಾಕತ್ತೇತಿ," ಅಂದರು.

ಉಣ್ಣುವುದು ಬಿಟ್ಟುಹೋಯಿತು. ಪ್ರೆಸ್ಸಿನಲ್ಲಿ ಒಬ್ಬರ ಪತ್ರಿಕೆಯಲ್ಲಿ ವರನ ಅಪ್ಪನ ಹೆಸರಿನ ಹಿಂದೆ "ದಿವಂಗತ" ಸೇರಿಸಿಬಿಟ್ಟೆ. ಆ ಮನುಷ್ಯ ಸ್ವತಃ ಬಂದು ಕಟ್ಟು ಒಯ್ಯಲು ನಿಂತಿದ್ದರು. ಮಾಲೀಕರು ಅವತ್ತು ನನಗೆ ಬೈದ ಬೈಗುಳ ಇನ್ನೂ ಕಿವಿಯಲ್ಲಿದೆ. ಬೈದು ಮುಗಿಸಿ, "ಮನ್ಯಾಗ ಎಲ್ಲಾ ಸುದ್ದ ಐತಿಲ್ಲೋ?" ಅಂದರು. "ಐತ್ರಿ," ಅಂದೆ. ಗುರುತು ಪರಿಚಯ ಇಲ್ಲದ ಸಾವಿರಾರು ಮಂದಿಯ ಮುಂದೆ ಬಿಚ್ಚಿಟ್ಟದ್ದನ್ನು, ಹನ್ನೊಂದು ವರ್ಷ ಅನ್ನ ಹಾಕಿದವರ ಮುಂದೆ ಮುಚ್ಚಿಟ್ಟೆ.

ಅಪ್ಪ ಒಂದೇ ಒಂದು ಸಲ ಕೇಳಿದರು, ಮುಂಜಾನೆ ಚಹಾ ಕುಡಿಯುವಾಗ.

"ಆಕಿ ಯಾವಾಗ ಬರತಾಳ?"

"ಬರತಾಳ. ಸ್ವಲ್ಪ ದಿನ ಬಿಡ್ರಿ," ಅಂದೆ.

"ನಿಮ್ಮವ್ವ ಇದ್ದಿದ್ರ..." ಅಂದು ಅಷ್ಟಕ್ಕೇ ನಿಲ್ಲಿಸಿ ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡರು. ಅವ್ವ ಇದ್ದಿದ್ದರೆ ಏನು ಮಾಡುತ್ತಿದ್ದಳೋ, ಅದು ಅಪ್ಪನಿಗೂ ಸರಿಯಾಗಿ ಗೊತ್ತಿರಲಿಲ್ಲ. ಇಬ್ಬರು ಗಂಡಸರು ಇದ್ದ ಮನೆ. ಯಾವುದು ಯಾರ ಕೆಲಸ ಅನ್ನುವುದು ಅವ್ವನ ಜೊತೆಗೇ ಹೋಗಿತ್ತು.

ಮೂವತ್ತು ದಿನ ಮುಗಿದವು. ಕೂಸಿಗೆ ಆರನೇ ತಿಂಗಳು ಬಿತ್ತು. ಆಕೆ ಬರಲಿಲ್ಲ, ಫೋನು ಮಾಡಲಿಲ್ಲ. ನಾನು ಮತ್ತೆ ಗುಂಪಿನ ಬಾಗಿಲಿಗೆ ಹೋಗಿ ನಿಂತೆ. ಈಗ ಒಂದು ಪತ್ರ ಬರೆಯಿರಿ ಅಂದರು, ಗೌರವದಿಂದ, ಒತ್ತಾಯವಿಲ್ಲದೆ. ನಾನು ಬರೆದದ್ದು ಇಷ್ಟು: "ಮನಿ ಬಿಕೋ ಅಂತೈತಿ. ಅವತ್ತು ಸಿಟ್ಟಿನ್ಯಾಗ ಅಂದೆ. ಕೂಸಿನ್ನ ಎತ್ತಿಕೋಬೇಕು ಅನಸೇತಿ. ಲಗೂ ಬಾ."

ಇಲ್ಲಿ ನನ್ನ ಕಸುಬು ನನಗೆ ಮುಳುವಾಯಿತು. ನಮ್ಮಲ್ಲಿ ಯಾವುದೂ ನೇರವಾಗಿ ಅಚ್ಚಿಗೆ ಹೋಗುವುದಿಲ್ಲ. ಮೊದಲು ಒಂದು ಕರಡು ತೆಗೆದು ಗಿರಾಕಿಗೆ ಕೊಡುತ್ತೇವೆ. ಅವರು ಮನೆಗೊಯ್ದು ನಾಲ್ಕು ಮಂದಿಗೆ ತೋರಿಸಿ, ತಿದ್ದಿ, ಕೆಳಗೆ ಸಹಿ ಹಾಕಿ ತರಬೇಕು. ಹನ್ನೊಂದು ವರ್ಷದ ರೂಢಿ. ಹೆಂಡತಿಗೆ ಬರೆದ ನಾಲ್ಕು ಸಾಲನ್ನೂ ನಾನು ಹಾಗೆಯೇ ಕರಡು ಮಾಡಿ ಗುಂಪಿಗೆ ಹಾಕಿದೆ, ತಿದ್ದಿ ಕೊಡಿರಿ ಅಂತ.

ತಿದ್ದಿದರು. ಮನೆ ಬಿಕೋ ಅಂದರೆ ಆಕೆಯ ಮೇಲೆ ತಪ್ಪು ಹೊರಿಸಿದಂತೆ, ತೆಗೆಯಿರಿ ಅಂದರು. ಕೂಸಿನ ಮಾತೆತ್ತಿದರೆ ಭಾವನೆಯ ಬಲೆ ಬೀಸಿದಂತೆ, ತೆಗೆಯಿರಿ. "ಲಗೂ ಬಾ" ಅನ್ನುವುದು ಒತ್ತಡ, ಅದಂತೂ ಬೇಡವೇ ಬೇಡ ಅಂತ ಸೂರ್ಯಕಾಂತಿಯವಳು ಎರಡು ಸಲ ಬರೆದಳು. ಸಂಜೆಯ ಹೊತ್ತಿಗೆ ಪತ್ರ ಹೀಗಾಯಿತು: "ನಿನ್ನ ಮೇಲೆ ನನ್ನ ಯಾವ ಒತ್ತಾಯವೂ ಇಲ್ಲ. ನಿನಗೆ ಎಷ್ಟು ದಿನ ಬೇಕೋ ಅಷ್ಟು ದಿನ ಅಲ್ಲಿಯೇ ಇರು. ಯಾವಾಗ ಬರಬೇಕೆನಿಸುತ್ತದೆಯೋ ಆಗ ಬಾ. ನಿನ್ನ ನಿರ್ಧಾರ ಏನೇ ಇದ್ದರೂ ನಾನು ಗೌರವಿಸುತ್ತೇನೆ." ಒಂದು ಕಾಗುಣಿತದ ತಪ್ಪಿಲ್ಲ. ಎಲ್ಲರೂ ಮೆಚ್ಚಿ ಹೂವಿನ ಚಿತ್ರ ಒತ್ತಿದರು. ನಾನು ಕಳಿಸಿದೆ.

ಆಕೆ ಓದಿದ್ದು ಗೊತ್ತಾಯಿತು. ಉತ್ತರ ಬರಲಿಲ್ಲ. ಮರುದಿನದಿಂದ ಕೂಸಿನ ಫೋಟೋ ಬರುವುದೂ ನಿಂತಿತು, ಅಪ್ಪನ ಫೋನಿನಲ್ಲಿಯೂ. ಆಕೆಯ ಹೆಸರಿನ ಪಕ್ಕ ಇದ್ದ ನಮ್ಮಿಬ್ಬರ ಫೋಟೋ ಹೋಗಿ ಬೂದು ಬಣ್ಣದ ಖಾಲಿ ತಲೆ ಬಂತು.

ಆ ಎರಡು ವಾರ ನಾನು ಹೇಗೆ ಕಳೆದೆ ಅನ್ನುವುದನ್ನು ಬರೆಯಲು ಈಗಲೂ ಆಗುವುದಿಲ್ಲ. ಬಸ್ಸಿನಲ್ಲಿ ಯಾರದಾದರೂ ಕೂಸು ಅತ್ತರೆ ಇಳಿದುಬಿಡುತ್ತಿದ್ದೆ. ಗುಂಪಿನಲ್ಲಿ ನನ್ನ ಕತೆಗೆ ಒಂದು ಹೊಸ ದಿಕ್ಕು ಬಂದಿತ್ತು. ಆಕೆಗೆ ಮನಸ್ಸಿಲ್ಲ ಅನ್ನುವುದು ಸ್ಪಷ್ಟ, ನೀವು ಮುಂದಕ್ಕೆ ಸಾಗಿರಿ, ಒಬ್ಬ ಒಳ್ಳೆಯ ವಕೀಲರನ್ನು ನೋಡಿರಿ, ಮಗುವನ್ನು ತಿಂಗಳಿಗೆ ಎಷ್ಟು ದಿನ ನೋಡಬಹುದು ಅಂತ ಈಗಲೇ ಕೇಳಿಟ್ಟುಕೊಳ್ಳಿರಿ ಅಂದರು. ಒಬ್ಬನು ನಾಲ್ಕು ಪ್ರಶ್ನೆಗಳ ಪಟ್ಟಿಯನ್ನೇ ಮಾಡಿ ಕೊಟ್ಟ. ನಾನು ಆ ಪಟ್ಟಿಯನ್ನು ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಕೂಡಿಸಿ, ಒಂದು ಲಗ್ನಪತ್ರಿಕೆಯ ಹಾಳು ಹಾಳೆಯ ಬೆನ್ನಿಗೆ ತೆಗೆದು, ಕಿಸೆಯಲ್ಲಿಟ್ಟುಕೊಂಡಿದ್ದೆ. ಕೋರ್ಟಿನ ಕಡೆಗೆ ಹೋಗುವ ಧೈರ್ಯವಿರಲಿಲ್ಲ. ಗರಗದ ಕಡೆಗೆ ಹೋಗುವ ಧೈರ್ಯವೂ ಇರಲಿಲ್ಲ.

ಒಂದು ಮಧ್ಯಾಹ್ನ ಮಷೀನು ಕೆಟ್ಟು ಕೆಲಸ ನಿಂತಿತ್ತು. ನಾನು ಎಲ್ಲಿ ತಪ್ಪಿದೆ ಅಂತ ಹುಡುಕಲು ನನ್ನ ಮೊದಲನೇ ಪ್ರಶ್ನೆ ತೆಗೆದು, ಅದರ ಉತ್ತರಗಳನ್ನು ಕೆಳಗಿನಿಂದ ಮೇಲಕ್ಕೆ ಓದುತ್ತ ಹೋದೆ. ತಳದಲ್ಲಿ, ಯಾರೂ ಹೂವು ಒತ್ತದ, ಯಾರೂ ಮರುಮಾತಾಡದ ಒಂದು ಸಾಲು ಇತ್ತು. ಫೋಟೋ ಇಲ್ಲದ ಒಬ್ಬ ಹೆಂಗಸು ಬರೆದದ್ದು.

"ಕರಿಯಾಕ ಯಾರು ಹೋಗಿದ್ರಿ?"

ಆ ಸಾಲನ್ನು ನಾನು ಮೊದಲೂ ನೋಡಿದ್ದೆ. ಹಳ್ಳಿಯ ಹೆಂಗಸು ಏನೋ ಕೇಳಿದ್ದಾಳೆ ಅಂತ ದಾಟಿಸಿದ್ದೆ. ಈಗ ಇನ್ನೊಮ್ಮೆ ಓದಿದೆ. ಯಾರೂ ಹೋಗಿಲ್ಲ ಅಂತ ಆಕೆಗೆ ಖಾಸಗಿಯಾಗಿ ಬರೆದೆ. ಅರ್ಧ ತಾಸಿನಲ್ಲಿ ಉತ್ತರ ಬಂತು.

"ಹಂಗಾದ್ರ ಆಕಿ ಹೆಂಗ ಬರತಾಳ ತಮ್ಮಾ? ಬಾಣಂತಿ ಸೊಸಿ ತಾನ ಕೂಸು ಎತ್ಕೊಂಡು ಬಸ್ ಹತ್ತಿ ಬಂದ್ರ ಮಂದಿ ಏನಂತಾರ? ಗಂಡನ ಮನ್ಯಾಗ ಬ್ಯಾಡಾದಾಕಿ ಅಂತಾರ. ಐದನೇ ತಿಂಗಳಿಗೆ ನಿಮ್ಮ ಮನಿ ಹೆಣ್ಣಮಕ್ಕಳು ಹೋಗಿ ಕರಕೊಂಡು ಬರಬೇಕು. ಹೆಣ್ಣಿನ ಕಡೆಯಾವ್ರು ತಾವಾಗಿ ಬರ್ರಿ ಅಂತ ಅನ್ನೂದಿಲ್ಲ, ಅದು ಅವರಿಗೆ ಅಪಮಾನ. ಆಕಿ ಬಾಗಲಾ ನೋಡಾಕತ್ತಿರತಾಳ. ನಿಮ್ಮವ್ವ ಹೇಳಲಿಲ್ಲೇನು?"

ಐದನೇ ತಿಂಗಳು. ಆ ಇಡೀ ತಿಂಗಳನ್ನು ನಾನು ಮೌನ ಮಾಡುವುದರಲ್ಲಿ ಕಳೆದಿದ್ದೆ. ಆಕೆಗೆ ಉಸಿರಾಡಲು ಬಿಡುತ್ತಿದ್ದೇನೆ ಅಂದುಕೊಂಡಿದ್ದ ಒಂದೊಂದು ದಿನವೂ, ಗರಗದ ಆ ಮನೆಯಲ್ಲಿ ಯಾರೂ ಕರೆಯಲು ಬಾರದ ಒಂದೊಂದು ದಿನವಾಗಿತ್ತು. ಕೊನೆಗೆ, ಎಷ್ಟು ದಿನ ಬೇಕಾದರೂ ಅಲ್ಲಿಯೇ ಇರು ಅಂತ ಶುದ್ಧ ಕನ್ನಡದಲ್ಲಿ ಬರೆದು ಕಳಿಸಿದ್ದೆ. ಸಿಟ್ಟಿನಲ್ಲಿ ಅಂದದ್ದನ್ನೇ ತಲೆ ತಣ್ಣಗಿಟ್ಟುಕೊಂಡು ಇನ್ನೊಮ್ಮೆ ಹೇಳಿದಂತಾಗಿತ್ತು.

ನನಗಿರುವುದು ಒಬ್ಬಳೇ ಕಾಕು, ಅಪ್ಪನ ತಮ್ಮನ ಹೆಂಡತಿ, ಶಿರಗುಪ್ಪಿಯಲ್ಲಿ. ಲಗ್ನ-ಮುಂಜಿವೆಯಲ್ಲಿ ಮಾತ್ರ ಭೇಟಿ. ಅವತ್ತೇ ಹೊರಟು ಹೋದೆ. ಆಕೆ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ನಾನು ಎಲ್ಲಾ ಹೇಳಿದೆ, "ಅಲ್ಲೇ ಇರು" ಅಂದದ್ದನ್ನೂ ಹೇಳಿದೆ. ಕಾಕು ಮೊರ ಕೆಳಗಿಟ್ಟಳು.

"ಫೋನಿನ್ಯಾಗ ಹತ್ತೂರ ಮಂದೀನ್ನ ಕೇಳಿದಿ. ಶಿರಗುಪ್ಪಿಗೆ ಒಂದು ಫೋನ್ ಮಾಡಾಕ ನಿನ್ನ ಕೈ ಮುರದಿತ್ತೇನು?"

"ನೀವು ಏನ ತಿಳಕೋತೀರೋ ಅಂತ..."

"ಏನ ತಿಳಕೊಳ್ಳೂದೈತಿ. ನಿಮ್ಮವ್ವ ಹೋದ ಮ್ಯಾಲೆ ನೀವು ಅಪ್ಪ ಮಗಾ ಯಾರ ಮನಿ ಬಾಗಲಾ ತುಳದೀರಿ? ನಾನೂ ದಾರಿ ನೋಡಿದೆ. ನಿಮ್ಮಪ್ಪಾರು ಒಂದ್ ಮಾತು ಹೇಳಿ ಕಳಸ್ತಾರ, ಸೊಸಿನ್ನ ಕರಿಯಾಕ ಹೋಗೂಣು ಅಂತ. ಕರೀಲಾರದ ನಾ ಹೆಂಗ ನಡುವ ಬಾಯಿ ಹಾಕ್ಲಿ?"

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನಾನು ಹಿತ್ತಲಿಗೆ ಇಣುಕಿಯೂ ನೋಡಿರಲಿಲ್ಲ. ಕಾಕು ಬೈಯುತ್ತಲೇ ಲೆಕ್ಕ ಹಾಕಿದಳು. ಆರನೇ ತಿಂಗಳಲ್ಲಿ ಕರೆಯುವ ಹಾಗಿಲ್ಲ, ಅದು ಸರಿಸಂಖ್ಯೆಯ ತಿಂಗಳು, ಬೆಸ ತಿಂಗಳೇ ಆಗಬೇಕು. ಏಳು ಬೀಳಲು ಇನ್ನೂ ಒಂಬತ್ತು ದಿನ. ಆ ಒಂಬತ್ತು ದಿನ ಫೋನು ಮಾಡಲೇ ಅಂತ ಕೇಳಿದರೆ, "ಈಗ ಫೋನ್ ಮಾಡಿ ಮತ್ತೇನರ ಕೆಡಿಸಿಗಿಡಿಸೀ. ಬಾಯಿ ಮುಚ್ಕೊಂಡಿರು," ಅಂದಳು. ಮತ್ತೆ ಮೌನ. ಈ ಒಂಬತ್ತು ದಿನ ಆ ಮೂವತ್ತಕ್ಕಿಂತ ಉದ್ದ ಅನ್ನಿಸಿದವು.

ಏಳನೇ ತಿಂಗಳು ಬಿದ್ದ ಮೊದಲ ಸೋಮವಾರ ಕಾಕು, ಆಕೆಯ ಸೊಸೆ, ಅಪ್ಪ, ನಾನು ಬಾಡಿಗೆ ಕಾರು ಮಾಡಿಕೊಂಡು ಗರಗಕ್ಕೆ ಹೋದೆವು. ಕಾಕು ಒಂದು ಸೀರೆ, ಖಣ, ಕೂಸಿಗೆ ಹೊಸ ಅಂಗಿ, ಒಂದು ಡಬ್ಬಿ ಫೇಡೆ ತಂದಿದ್ದಳು. ಮಾವನವರು ಕಟ್ಟೆಯ ಮೇಲೆ ಕೂತಿದ್ದವರು ಎದ್ದು ನಿಂತರು, ಬರ್ರಿ ಅನ್ನಲಿಲ್ಲ. ಅತ್ತೆ ಒಳಗಿನಿಂದ ಬಂದು ಕಾಕುವನ್ನು ನೋಡಿದರು, ಕಾಕುವಿನ ಕೈಯಲ್ಲಿದ್ದ ಖಣ ನೋಡಿದರು.

"ನಮ್ಮ ಸೊಸಿನ್ನ ಕರಿಯಾಕ ಬಂದೇವ್ರಿ ಬೀಗ್ತ್ಯಾರ. ತಡಾ ಆತು. ನಮ್ಮದ ತಪ್ಪು," ಅಂದಳು ಕಾಕು.

ಅತ್ತೆ ಹೊಸ್ತಿಲ ಮೇಲೆಯೇ ಕುಸಿದು ಕೂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಖಾದಿ ಕೇಂದ್ರದಲ್ಲಿ ವರ್ಷಗಟ್ಟಲೆ ನೂಲು ತೆಗೆದ ಗಟ್ಟಿ ಹೆಂಗಸು, ನಾನು ಅವರ ಕಣ್ಣಲ್ಲಿ ನೀರು ನೋಡಿರಲಿಲ್ಲ. ಒಳಗೆ, ಗೋಡೆಯ ಪಕ್ಕದಲ್ಲಿ, ಕೂಸಿನ ಜೊತೆ ಕಳಿಸಲು ತಂದ ಹೊಸ ತೊಟ್ಟಿಲು ಹಳೆಯ ಸೀರೆಯಲ್ಲಿ ಕಟ್ಟಿಟ್ಟದ್ದು ಹಾಗೆಯೇ ಇತ್ತು. ಎರಡು ತಿಂಗಳಿಂದ ಬಿಚ್ಚಿಲ್ಲ ಅಂತ ಅತ್ತೆಯೇ ಕಾಕುವಿಗೆ ಹೇಳಿದರು. ಕರೆಯುವವರು ಸೋಮವಾರವೇ ಬರುತ್ತಾರೆಂದು ಪ್ರತಿ ಸೋಮವಾರ ಹೆಚ್ಚಿಗೆ ಅಡಿಗೆ ಮಾಡಿದ್ದನ್ನು ಹೇಳಿದರು. ಓಣಿಯ ಹೆಂಗಸರು "ಇನ್ನೂ ಕರಿಯಾಕ ಬಂದಿಲ್ಲೇನ್ರಿ?" ಅಂತ ಕೇಳಿ ಕೇಳಿ ಮಗಳು ಬಾವಿ ಕಡೆಗೆ ಹೋಗುವುದನ್ನೂ ಬಿಟ್ಟದ್ದನ್ನು ಹೇಳಿದರು. ನಾನು ಅಲ್ಲಿಯೇ ನಿಂತು ಎಲ್ಲಾ ಕೇಳಿದೆ. ನನಗೆ ಯಾರೂ ಕೂಡ್ರಿ ಅನ್ನಲಿಲ್ಲ, ಅನ್ನಬೇಕಾಗಿಯೂ ಇರಲಿಲ್ಲ.

ಕೂಸನ್ನು ಕಾಕು ಎತ್ತಿಕೊಂಡಳು. ನಾನು ಕೈ ಚಾಚಿದೆ. ಮಗಳು ನನ್ನ ಮುಖ ನೋಡಿ ಚಿಟ್ಟನೆ ಚೀರಿ ಕಾಕುವಿನ ಕೊರಳಲ್ಲಿ ಮುಖ ಮುಚ್ಚಿಕೊಂಡಿತು. ಕಾಕುವೂ ಅದಕ್ಕೆ ಅವತ್ತೇ ಹೊಸಬಳು. ಆದರೂ ಹಾಗೆ ಮಾಡಿತು.

ಹೆಂಡತಿ ಹಿತ್ತಲಲ್ಲಿ ಕೂಸಿನ ಅರಿವೆ ಒಣಹಾಕುತ್ತಿದ್ದಳು. ಅತ್ತೆ ಹೋಗಿ ಮಾತಾಡ್ರಿ ಅಂತ ಕಣ್ಣಲ್ಲೇ ಹೇಳಿದರು. ಹೋದೆ. ಆಕೆ ತೆಳ್ಳಗಾಗಿದ್ದಳು. ನನ್ನ ಕಡೆ ತಿರುಗಲಿಲ್ಲ.

"ನೀವು ಬರದದ್ದು ಓದಿದೆ," ಅಂದಳು. "ವಕೀಲರ ಕಡೆ ಬರಸ್ಯಾರ ಅನಸ್ತು. ಅಪ್ಪಾಗ ತೋರಿಸ್ಲಿಲ್ಲ."

"ತಪ್ಪಾತು," ಅಂದೆ.

"ಕಾಕೂರನ್ನ ಕರಕೊಂಡು ಬರಬೇಕಂತ ಯಾರು ಹೇಳಿದ್ರು? ಮಾವಾರೇನು?"

ಹೌದು ಅಂದುಬಿಡಬಹುದಿತ್ತು. ಅಪ್ಪ ಒಳಗೇ ಇದ್ದರು, ಸುಳ್ಳು ನಡೆಯುತ್ತಿತ್ತು. ಆದರೆ ಸುಳ್ಳು ಹೇಳುವಷ್ಟು ಶಕ್ತಿಯೂ ಉಳಿದಿರಲಿಲ್ಲ. ಗುಂಪಿನ ಸಂಗತಿ ಎಲ್ಲಾ ಹೇಳಿದೆ. ಪ್ರಶ್ನೆ ಹಾಕಿದ್ದು, ಮೂವತ್ತು ದಿನ, ಪತ್ರ ತಿದ್ದಿಸಿದ್ದು, ಕೊನೆಗೆ ಫೋಟೋ ಇಲ್ಲದ ಆ ಹೆಂಗಸು. ಆಕೆ ಅರಿವೆ ಹಿಂಡುವುದನ್ನು ನಿಲ್ಲಿಸದೆ ಕೇಳಿದಳು.

"ಎಷ್ಟು ಮಂದಿ ಅದಾರ ಅದರಾಗ?"

"ಬಾಳ ಮಂದಿ. ನಿನ್ನ ಹೆಸರು ಹೇಳಿಲ್ಲ."

"ಹೆಸರು ಬಿಡ್ರಿ." ಒಂದು ಕುಂಚಿಗೆಯನ್ನು ಜಾಡಿಸಿ ಹಗ್ಗಕ್ಕೆ ಹಾಕಿದಳು. "ನನ್ನ ಮನಸಿನ್ಯಾಗ ಏನೈತಿ ಅಂತ ಅಷ್ಟು ಮಂದೀನ್ನ ಕೇಳೀರಿ. ನನ್ನ ಒಮ್ಮೆರ ಕೇಳಿದ್ರೇನು?"

ನಾನು ಬುಟ್ಟಿಯಿಂದ ಇನ್ನೊಂದು ಅರಿವೆ ಎತ್ತಿ ಆಕೆಯ ಕೈಗೆ ಕೊಟ್ಟೆ.

"ಆಕಿನೂ ಹೇಳದಿದ್ರ?" ಅಂದಳು. "ಆ ಹೆಣ್ಣಮಗಳೂ ಹೇಳದಿದ್ರ ನೀವು ಬರತಿದ್ದಿಲ್ಲ. ಹೌದಿಲ್ಲೋ?"

ನನ್ನ ಕಿಸೆಯಲ್ಲಿ ವಕೀಲರಿಗೆ ಕೇಳುವ ನಾಲ್ಕು ಪ್ರಶ್ನೆಗಳ ಹಾಳೆ ಇನ್ನೂ ಇತ್ತು.

ಆಕೆ ಬಂದಳು. ಕಾಕು ಸೀರೆ ಉಡಿಸಿದಳು, ಅತ್ತೆ ಉಡಿ ತುಂಬಿದರು, ತೊಟ್ಟಿಲನ್ನು ಕಾರಿನ ತಲೆಯ ಮೇಲೆ ಕಟ್ಟಿದೆವು. ಕಾರು ಹತ್ತುವ ಮೊದಲು ನನಗೆ ಮಾತ್ರ ಕೇಳುವ ಹಾಗೆ, "ಕಾಕೂರು ಕರದಾರಂತ ಬಂದೇನಿ," ಅಂದಳು. ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ಅವರ ಮುಂದೆ ಆಕೆ ನಕ್ಕಳು, ಚೆನ್ನಾಗಿಯೇ ನಕ್ಕಳು.

ಅವತ್ತೇ ನಾನು ಗುಂಪು ಬಿಟ್ಟೆ. ಬಿಡುವ ಮೊದಲು ಆ ಹೆಂಗಸಿಗೆ ಎರಡು ಸಾಲು ಬರೆದು ಕೈಮುಗಿದೆ. "ಛಲೋ ಆತು ತಮ್ಮಾ," ಅಂತ ಬಂತು. ಛಲೋ ಆಗಿದೆಯೋ ಇಲ್ಲವೋ ನನಗೆ ಇನ್ನೂ ಹೇಳಲಾಗುವುದಿಲ್ಲ. ಮನೆಯಲ್ಲಿ ಜಗಳವಿಲ್ಲ. ಆಕೆ ಹಾಲಿನ ಮಾತಾಡುತ್ತಾಳೆ, ನಲ್ಲಿ ನೀರಿನ ಮಾತಾಡುತ್ತಾಳೆ, ಅಪ್ಪನ ಬಿಪಿ ಗುಳಿಗೆಯನ್ನು ನೆನಪಿಸುತ್ತಾಳೆ. ಮಗಳು ಈಗ ನನ್ನ ಕೊರಳಿಗೆ ಬೀಳುತ್ತದೆ. ಆದರೆ ನಾವಿಬ್ಬರೂ ಕೂಡಿ ಏನಾದರೂ ಠರಾಯಿಸಬೇಕಾದ ಮಾತು ಬಂದರೆ ಆಕೆ ಬಾಯಿ ಕಟ್ಟಿಕೊಳ್ಳುತ್ತಾಳೆ. ಮನೆ ಬದಲಿಸೋಣವೇ ಅಂದರೆ, "ನೋಡ್ರಿ, ಹೆಂಗ ಹೇಳ್ತಾರೋ ಹಂಗ," ಅನ್ನುತ್ತಾಳೆ. ಯಾರು ಹೇಳುತ್ತಾರೆ ಅಂತ ನಾನು ಕೇಳುವುದಿಲ್ಲ. ಫೋನನ್ನು ಆಕೆಯ ಮುಂದೆ ತೆರೆದಿಟ್ಟು ತೋರಿಸಿದ್ದೇನೆ, ಆ ಗುಂಪು ಅದರಲ್ಲಿ ಇಲ್ಲ ಅಂತ. ನೋಡಿ, ಹೂಂ ಅಂದಳು. ಇಷ್ಟು ಹತ್ತಿರ ಕೂತವಳನ್ನು ಹೇಗೆ ತಲುಪಬೇಕೋ ತಿಳಿಯದೆ ಎಷ್ಟೋ ಸಲ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಿದ್ದೇನೆ.

ಮೊನ್ನೆ ಸಂಜೀಮುಂದೆ ಮಗಳಿಗೆ ಜ್ವರ ಬಂತು. ಮೈ ಕಾದಿತ್ತು, ಆದರೆ ಆಡುತ್ತಿತ್ತು. ಅಪ್ಪ ಪೇಟೆಗೆ ಹೋಗಿದ್ದರು. ಹೆಂಡತಿ ಅಡಿಗೆಮನೆಯಲ್ಲಿ ನನಗೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿದ್ದಳು. ನಾನು ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲಲ್ಲಿ ನಿಂತೆ.

"ಏನ ಮಾಡೂಣು? ಈಗ ಡಾಕ್ಟರ್ ಕಡೆ ಹೋಗೂಣೋ, ನಾಳೆ ಮುಂಜಾನಿತನಾ ನೋಡೂಣೋ?"

ರೊಟ್ಟಿ ಬಡಿಯುವ ಸಪ್ಪಳ ಮುಂದುವರಿಯಿತು. ನಾನು ಮತ್ತೊಮ್ಮೆ ಕೇಳಿದೆ. ಆಗ ಆಕೆ ಕೈ ನಿಲ್ಲಿಸಿ, ತಿರುಗಿ, ಮೊದಲು ನಾನು ಫೋನಿನಲ್ಲಿ ಯಾರ ಜೊತೆಗಾದರೂ ಮಾತಾಡುತ್ತಿದ್ದೇನೆಯೇ ಅಂತ ನನ್ನ ಕಿವಿಯ ಕಡೆ ನೋಡಿದಳು.

"ನನ್ನ ಕೇಳಾಕತ್ತೀರೇನ್ರಿ?" ಅಂದಳು.

ಕೊಂಕು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಖರೇನೇ ಗೊತ್ತಾಗದೆ ಕೇಳಿದ್ದಳು.